ಕ್ಯಾಲೆಂಡರಿನ ಹಿಂದಿನ ಗೋಡೆ

ನಡುಮನೆಯ ಗೋಡೆಯಲ್ಲಿ ಎದೆಮಟ್ಟಕ್ಕೆ ಅಂಗೈಯಗಲದ ಒಂದು ಕಲೆ ಕಾಣಿಸಿಕೊಂಡಾಗ ನಾವು ಮಾಡಿದ ಮೊದಲ ರಿಪೇರಿ ಏನೆಂದರೆ, ಪಕ್ಕದ ಮೊಳೆಯಲ್ಲಿದ್ದ ಕ್ಯಾಲೆಂಡರನ್ನು ತೆಗೆದು ಅದರ ಮೇಲೆ ತೂಗುಹಾಕಿದ್ದು. 2024ರ ಜನವರಿ, ಕ್ಯಾಲೆಂಡರ್ ಹೊಚ್ಚಹೊಸದು. ಬಂದವರಿಗೆ ಕಲೆ ಕಾಣುತ್ತಿರಲಿಲ್ಲ. ನಮಗೂ ಕಾಣದ್ದರಿಂದ ಮರೆತೆವು. ಮಾರ್ಚಿನಲ್ಲಿ ಏಕಾದಶಿ ಎಂದೆಂದು ನೋಡಲು ಅಮ್ಮ ಹಾಳೆ ಎತ್ತಿದಾಗ ಹಿಂದಿನ ಪುಟಗಳು ಮೇಲೇಳಲಿಲ್ಲ. ವರ್ಷ ಇನ್ನೂ ಮಾರ್ಚಿನಲ್ಲಿತ್ತು, ಡಿಸೆಂಬರ್ ಆಗಲೇ ಗೋಡೆಗೆ ಅಂಟಿಕೊಂಡಿತ್ತು.

ಕಿತ್ತು ನೋಡಿದರೆ ಕಲೆ ಮೊರದಗಲವಾಗಿದೆ. ಬಣ್ಣ ಹಪ್ಪಳದಂತೆ ಉಬ್ಬಿದೆ. ಅಂಚಿನಲ್ಲಿ ಬಿಳಿಯ ಉಪ್ಪು ಹೊಮ್ಮಿದೆ. ಇಟ್ಟಿಗೆ, ಗಾರೆಗಳೊಳಗೆ ಇರುವ ಲವಣವನ್ನು ನೀರು ಕರಗಿಸಿಕೊಂಡು ಹೊರಬಾಯಿಗೆ ತಂದು, ತಾನು ಆವಿಯಾಗಿ, ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ. ಬೆರಳಿನಿಂದ ಸವರಿದರೆ ಮೈದಾಹಿಟ್ಟಿನ ಹಾಗೆ ಉದುರುತ್ತದೆ.

ಮೊದಲು ಬಂದವನು ಬಣ್ಣದವನು. ನೋಡಿದ, ತಲೆ ಮೇಲೆತ್ತಿದ, ‘ತಾರಸಿ ಸೋರ್ತಿದೆ’ ಎಂದ. ತಾರಸಿಗೆ ಎರಡು ಕೋಟು ವಾಟರ್‌ಪ್ರೂಫಿಂಗ್ ಆಯಿತು. ಗೋಡೆಗೂ ಅಂಥದೇ ಬಣ್ಣ ಆಯಿತು. ಮೂರು ವಾರಕ್ಕೆ ಅದೂ ಉಬ್ಬಿತು. ಎರಡನೆಯವನು ಬಚ್ಚಲುಮನೆಯ ಟೈಲ್ಸ್ ಸಂದಿಗಳನ್ನು ದೂರಿದ. ಸಂದಿಗಳನ್ನು ಕೆರೆದು ತುಂಬಿಸಿಯೂ ಆಯಿತು. ಇಬ್ಬರಿಗೂ ಹಣ ಎಣಿಸಿಕೊಟ್ಟವನು ನಾನೇ ಆದ್ದರಿಂದ ಅವರನ್ನು ಬೈಯುವ ನೈತಿಕ ಅಧಿಕಾರ ನನಗಿಲ್ಲ. ಮನೆ ಕಟ್ಟಿ ನೋಡು ಎಂದವರು ಒಡೆದು ನೋಡು ಎಂದಿರಲಿಲ್ಲ. ಹಾಗಾಗಿ ಒಡೆಯುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಮಾಡಿದೆವು.

ಮೂರನೆಯವರು ಮಂಡ್ಯ ಕಡೆಯ ಹಿರಿಯ ಪ್ಲಂಬರ್. ಅರವತ್ತು ದಾಟಿದೆ. ಚೀಲದಲ್ಲಿ ಪೈಪ್ ರೆಂಚು, ಚಾಣ, ಸುತ್ತಿಗೆ ಇದ್ದರೂ ಯಾವುದನ್ನೂ ಹೊರತೆಗೆಯದೆ ಕುರ್ಚಿ ಎಳೆದು ಕೂತು ಕಾಫಿ ಕುಡಿದರು. ಆಮೇಲೆ ಮೂರು ಪ್ರಶ್ನೆ ಕೇಳಿದರು.

‘ಮಳೆ ಬಂದ್ರೆ ಜಾಸ್ತಿ ಆಯ್ತದಾ ಸಾರ್?’

ಆ ವರ್ಷ ಬೆಂಗಳೂರಿನಲ್ಲಿ ಹೇಳಿಕೊಳ್ಳುವಂಥ ಮಳೆ ಇನ್ನೂ ಬಿದ್ದೇ ಇರಲಿಲ್ಲ. ಉತ್ತರ ಕೊಡುವ ಮೊದಲೇ ತಾರಸಿಗೆ ಸುರಿದ ದುಡ್ಡು ನೆನಪಾಗಿ ನಾನು ಹೆಂಡತಿಯ ಮುಖ ನೋಡಲಿಲ್ಲ.

‘ಸ್ನಾನ ಆದ್ಮೇಲೆ ಜಾಸ್ತಿ ಆಯ್ತದಾ?’

ಹಾಗೇನೂ ಅನಿಸಿರಲಿಲ್ಲ.

‘ಮನೆಗೆ ಬೀಗ ಹಾಕ್ಕೊಂಡು ಎಲ್ಲಿಗಾದ್ರೂ ಹೋಗಿದ್ರಾ? ಬಂದಾಗ ಒಣಗಿತ್ತಾ?’

ಶಿವರಾತ್ರಿಗೆ ಊರಿಗೆ ಹೋಗಿದ್ದೆವು. ಐದು ದಿನ. ಬಂದಾಗ ಒಣಗುವುದಿರಲಿ, ಕಲೆ ಇನ್ನಷ್ಟು ಕೆಳಗಿಳಿದಿತ್ತು.

ಅಷ್ಟೇ. ತಾರಸಿ ಬಿಟ್ಟುಹೋಯಿತು, ಬಳಸಿದ ನೀರು ಹೋಗುವ ಪೈಪೂ ಬಿಟ್ಟುಹೋಯಿತು. ಉಳಿದದ್ದು ಟ್ಯಾಂಕಿನಿಂದ ಇಳಿದು ಹಗಲುರಾತ್ರಿ ತುಂಬಿಕೊಂಡೇ ನಿಂತಿರುವ ಲೈನು. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ ಭಾರ ಹಾಕುತ್ತದೆ. ನಮ್ಮ ಟ್ಯಾಂಕು ಅಷ್ಟು ಮೇಲಿಲ್ಲ, ಆದರೂ ಅರ್ಧ ಕಿಲೋಗೆ ಕಡಿಮೆಯಿಲ್ಲದ ಒತ್ತಡ ಆ ಪೈಪಿನ ಒಳಗೋಡೆಯನ್ನು ಸದಾ ತಳ್ಳುತ್ತಿರುತ್ತದೆ. ನಾವು ಊರಿಗೆ ಹೋದರೂ ಅದಕ್ಕೆ ರಜೆಯಿಲ್ಲ.

ಆ ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ಕೋಲು ಇಳಿಸಿ ಪೆನ್ಸಿಲಿನಿಂದ ಗುರುತು ಹಾಕಿದೆ. ಬೆಳಿಗ್ಗೆ ಹೊತ್ತಿಗೆ ನೀರು ಎರಡು ನೂಲು ಇಳಿದಿತ್ತು. ಎರಡು ನೂಲೆಂದರೆ ಕಾಲಿಂಚು. ಕೇಳಲು ಏನೂ ಅಲ್ಲ, ಆದರೆ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಅದು ಸುಮಾರು ಆರು ಲೀಟರು. ಮಾರನೇ ರಾತ್ರಿ ಗೀಸರಿಗೆ ಹೋಗುವ ಗೇಟ್‌ವಾಲ್ ಕೂಡ ತಿರುಗಿಸಿ ಮಲಗಿದೆವು. ಗುರುತು ಕದಲಲಿಲ್ಲ. ಅಲ್ಲಿಗೆ ಕಳ್ಳ ಬಿಸಿನೀರಿನ ಲೈನಿನಲ್ಲಿದ್ದಾನೆಂದು ಖಾತ್ರಿಯಾಯಿತು.

ಎಲ್ಲಿ ಎಂಬುದಿನ್ನೂ ಉಳಿದಿತ್ತು. ಪೈಪು ಗೋಡೆಯೊಳಗೆ ಯಾವ ದಾರಿ ಹಿಡಿದಿದೆ ಎಂಬುದು ನಮಗೆ ಯಾರಿಗೂ ಗೊತ್ತಿಲ್ಲ. 1994ರಲ್ಲಿ ಈ ಮನೆ ಕಟ್ಟಿದಾಗ ಪೈಪು ಹಾಕಿದವರು ಈಗ ಎಲ್ಲಿದ್ದಾರೋ. ಅಪ್ಪನಿಗೆ ಗೊತ್ತಿತ್ತೇನೋ, ಅಪ್ಪ ಇಲ್ಲ. ಮನೆಯ ಪ್ಲಾನು ಬೀರುವಿನಲ್ಲಿ ಭದ್ರವಾಗಿದೆ. ಅದರಲ್ಲಿ ಕಿಟಕಿ, ಬಾಗಿಲು, ಆಯ, ಎಲ್ಲ ಇದೆ, ಪೈಪಿಲ್ಲ. ಗಾರೆ ಮೆತ್ತುವ ಹಿಂದಿನ ದಿನ ನಾಲ್ಕು ಫೋಟೊ ತೆಗೆದಿಟ್ಟಿದ್ದರೆ ಸಾಕಿತ್ತು. ಆದರೆ ಆಗ ರೀಲಿನ ಕಾಲ. ಮೂವತ್ತಾರು ಫೋಟೊ ಗೃಹಪ್ರವೇಶಕ್ಕೇ ಸಾಲದು, ಬಚ್ಚಲುಮನೆಯ ಪೈಪಿಗೆ ಯಾರು ಖರ್ಚು ಮಾಡುತ್ತಾರೆ? ಈಗ ಮನೆ ಕಟ್ಟುತ್ತಿರುವವರ ಜೇಬಿನಲ್ಲಿ ಫೋನಿದೆ. ಅವರೂ ತೆಗೆಯುವುದು ಪಾಯದ ಪೂಜೆಯದು, ಮೋಲ್ಡಿನ ದಿನದ್ದು.

ಗೋಡೆಗೂ ಕಿವಿಯಿದೆ ಎನ್ನುತ್ತೇವೆ. ಹಿರಿಯ ಪ್ಲಂಬರ್ ಗೋಡೆಗೇ ಕಿವಿ ಕೊಟ್ಟರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ ಆಲಿಸಿದರು. ರಸ್ತೆಯ ಬಸ್ಸಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲವಂತೆ. ಆಗ ಅಮ್ಮ ಅಡುಗೆಮನೆಯಿಂದಲೇ ಹೇಳಿದರು: ‘ಕಲೆ ಇರೋ ಕಡೆ ಅಲ್ಲ, ಇತ್ತ ಬೀರುವಿನ ಪಕ್ಕ ಮುಟ್ಟಿ ನೋಡಿ. ಗೀಸರ್ ಹಾಕಿದಾಗೆಲ್ಲ ಅಲ್ಲಿ ಬೆಚ್ಚಗಿರತ್ತೆ.’ ಈ ಮಾತನ್ನು ಅವರು ಜನವರಿಯಲ್ಲೇ ಹೇಳಿದ್ದರು. ಎಂಬತ್ತು ದಾಟಿದವರ ಅಂಗೈಗೆ ಎಲ್ಲವೂ ಬೆಚ್ಚಗೆನಿಸುತ್ತದೆ ಎಂದು ನಾವು ನಕ್ಕಿದ್ದೆವು. ಪ್ಲಂಬರ್ ನಗಲಿಲ್ಲ. ಅರ್ಧ ಗಂಟೆ ಗೀಸರ್ ಓಡಿಸಿ, ಅಂಗೈಯಿಂದ ಗೋಡೆ ಸವರುತ್ತ ಹೋಗಿ, ಬೀರುವಿನ ಪಕ್ಕ ನಿಂತರು. ‘ಸರ್ಯಾಗಿ ಹೇಳಿದ್ರಿ ಅಮ್ಮ.’

ಒಡೆದ ಜಾಗಕ್ಕೂ ಕ್ಯಾಲೆಂಡರಿಗೂ ಐದು ಅಡಿ ದೂರ. ಒಂದು ಎಲ್ಬೋ ಪಕ್ಕ ಸಾಸಿವೆ ಕಾಳಿನಷ್ಟು ತೂತು. ಅಲ್ಲಿಂದ ಜಿನುಗಿದ ನೀರು ಪೈಪಿನ ಹೊರಮೈ ಹಿಡಿದು ಅಡ್ಡಡ್ಡ ನಡೆದು, ಗಾರೆ ಸಡಿಲವಿದ್ದಲ್ಲಿ ಇಳಿದು, ಇಟ್ಟಿಗೆಗೆ ಕುಡಿಸಿ, ಕೊನೆಗೆ ನಮ್ಮ ಕಣ್ಣಿಗೆ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದೇ ಸ್ವಲ್ಪ, ಮಿಕ್ಕಿದ್ದು ಪಾಯದ ಮಣ್ಣಿಗೆ ಸೇರಿದೆ. ಜಿಐ ಪೈಪಿಗೆ ತುಕ್ಕು ತಡೆಯಲೆಂದೇ ಸತುವಿನ ಲೇಪ ಇರುತ್ತದೆ, ಆದರೆ ಎಲ್ಬೋಗೆ ತಿರುಗಿಸಲು ತುದಿಯಲ್ಲಿ ಥ್ರೆಡ್ ಕೊರೆದರೆ ಆ ಲೇಪ ಹೋಗುತ್ತದೆ. ಅರ್ಧ ಇಂಚಿನ ಪೈಪಿನ ದಪ್ಪವೇ ಎರಡೂವರೆ ಮಿಲಿಮೀಟರಿನ ಆಜುಬಾಜು, ಥ್ರೆಡ್ಡಿನಲ್ಲಿ ಅದರ ಅರ್ಧದಷ್ಟು ಹೋಗುತ್ತದೆ. ಅಂದರೆ ಎರಡು ಪೈಪು ಸೇರುವ ಜಾಗವೇ ಎಲ್ಲಕ್ಕಿಂತ ತೆಳು. ಬಿಸಿನೀರು, ಗಡಸು ನೀರು, ಮೂವತ್ತು ವರ್ಷ. ಕತ್ತರಿಸಿ ತೆಗೆದ ತುಂಡಿನೊಳಗೆ ನೋಡಿದರೆ ತುಕ್ಕೂ ಸುಣ್ಣವೂ ಸೇರಿ ಪೆನ್ಸಿಲ್ ತೂರುವಷ್ಟೇ ದಾರಿ ಉಳಿದಿತ್ತು. ಥ್ರೆಡ್ಡಿಗೆ ಸುತ್ತಿದ್ದ ನಾರು ಮಾತ್ರ ಇನ್ನೂ ಹಾಗೇ ಇತ್ತು. ಟೆಫ್ಲಾನ್ ಟೇಪು ಎಲ್ಲರ ಕೈಗೆ ಬರುವ ಮೊದಲು ನಾರು ಸುತ್ತಿ ಬಣ್ಣ ಬಳಿದೇ ಬಿಗಿಯುತ್ತಿದ್ದರು. ಪ್ಲಂಬರ್ ಅದನ್ನು ಉಗುರಿನಿಂದ ಬಿಡಿಸಿ ‘ಕೈ ಚೆನ್ನಾಗಿತ್ತು’ ಎಂದು ಮೆಚ್ಚಿಕೊಂಡರು, ತಾವು ಎಂದೂ ನೋಡದ ಆ ಕೆಲಸಗಾರನನ್ನು.

ಆರು ಲೀಟರಿಗೆ ಇಷ್ಟು ರಂಪವೇ ಎಂದು ಕೇಳಬಹುದು. ಆ ಆರು ಲೀಟರು ಬಂದ ದಾರಿ ನೋಡಿ. ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಡುತ್ತದೆ. ನೂರು ಕಿಲೋಮೀಟರ್ ಹಾದಿ. ನಡುವೆ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪು. ಒಟ್ಟು ಏರುವುದು ಸುಮಾರು ಅರ್ಧ ಕಿಲೋಮೀಟರ್ ಎತ್ತರ. 1974ರಲ್ಲಿ ಮೊದಲ ಹಂತ ಬಂದಂದಿನಿಂದ ಈ ಊರು ಹೀಗೆ ಕರೆಂಟು ಸುಟ್ಟು ಹೊಳೆಯನ್ನು ಬೆಟ್ಟ ಹತ್ತಿಸುತ್ತಿದೆ. ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಮ್ಮ ಗೋಡೆ ಒದ್ದೆಯಾಗಿದ್ದ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ನಾನು ಕಾರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಜವಾಬ್ದಾರಿಯುತ ನಾಗರಿಕನೆಂದು ಬೀಗುತ್ತಿದ್ದೆ. ಅದೇ ಹೊತ್ತಿಗೆ ಕ್ಯಾಲೆಂಡರಿನ ಹಿಂದೆ ಗೋಡೆ ರಾತ್ರಿಗೆ ಆರು ಲೀಟರು, ಅದೂ ಗೀಸರಿನಲ್ಲಿ ಕಾಯಿಸಿದ ನೀರನ್ನು, ದಂಡವಿಲ್ಲದೆ ಕುಡಿಯುತ್ತಿತ್ತು.

ರಿಪೇರಿ ಹೇಗೆ ಎಂಬಲ್ಲಿ ಮನೆಯಲ್ಲಿ ಜಗಳವಾಯಿತು. ಜಿಐ ಲೈನನ್ನು ನಡುವೆ ಒಂದು ಕಡೆ ಬಿಚ್ಚಲು ಬರುವುದಿಲ್ಲ, ಒಂದು ತುದಿ ಸಡಿಲಿಸಿದರೆ ಇನ್ನೊಂದು ತುದಿ ಬಿಗಿಯಾಗುತ್ತದೆ. ಕತ್ತರಿಸಿ ಯೂನಿಯನ್ ಎಂಬ ಬಿಚ್ಚಬಹುದಾದ ಜೋಡಣೆ ಹಾಕಬೇಕು. ಗೋಡೆಯೊಳಗೆ ಯೂನಿಯನ್ ಮುಚ್ಚಿದರೆ ನಾಳೆಯ ಸೋರಿಕೆಗೆ ಇಂದೇ ಬೀಜ ಬಿತ್ತಿದಂತೆ. ‘ಇಲ್ಲಿ ತೂತು ಬಿದ್ದದೆ ಅಂದ್ರೆ ಮಿಕ್ಕಿದ್ದೂ ಇಷ್ಟೇ ವಯಸ್ಸಿನದು ಸಾರ್. ಹಳೇದನ್ನ ಗೋಡೇಲೇ ಬಿಟ್ಟು ಬಾಯಿ ಮುಚ್ಚಿ. ಹೊಸ ಲೈನು ಹೊರಗಡೆ ಎಳೀತೀನಿ.’ ಹೊರಗಡೆ ಎಂದರೆ ಗೋಡೆಯ ಮೇಲೆ, ಕ್ಲಾಂಪ್ ಹೊಡೆದು, ಎಲ್ಲರಿಗೂ ಕಾಣುವ ಹಾಗೆ.

ಮಗಳಿಗೆ ಸರಿಬರಲಿಲ್ಲ. ನನಗೂ ಮೊದಲು ಮುಜುಗರವೇ ಆಯಿತು. ಪೈಪು ಕಾಣದಿರುವುದೇ ಒಳ್ಳೆಯ ಮನೆಯ ಲಕ್ಷಣ ಎಂದು ಯಾವಾಗ ಕಲಿತೆವೋ. ನನ್ನಜ್ಜನ ಮನೆಯಲ್ಲಿ ಪೈಪುಗಳು ಗೋಡೆಯ ಮೇಲೆಯೇ ಇದ್ದವು, ಸುಣ್ಣ ಬಳಿಯುವಾಗ ಅವಕ್ಕೂ ಒಂದು ಕೈ ಬಳಿಯುತ್ತಿದ್ದರು. ಸೋರಿದರೆ ಮನೆಯ ಮಗುವೂ ಬೆರಳಿಟ್ಟು ತೋರಿಸುತ್ತಿತ್ತು. ಕೆಡುವುದೆಂದು ಗೊತ್ತಿದ್ದ ವಸ್ತುವನ್ನೇ ಕೈಗೆಟುಕದ ಕಡೆ ಹುಗಿದು, ಮೇಲೆ ಟೈಲ್ಸ್ ಅಂಟಿಸಿ, ಅದನ್ನು ಸೌಂದರ್ಯ ಎನ್ನುವುದು ನಮ್ಮ ಕಾಲದ ಮೊಂಡುತನ ಎಂಬುದು, ಸಾವಿರಾರು ರೂಪಾಯಿ ಕೊಟ್ಟ ಮೇಲೆ, ನನ್ನ ಅಭಿಪ್ರಾಯ. ಮಗಳ ಅಭಿಪ್ರಾಯ ಬೇರೆ. ಅವಳ ಮನೆ ಅವಳು ಕಟ್ಟಿಕೊಳ್ಳಲಿ.

ಹೊಸ ಪೈಪು ಸಿಪಿವಿಸಿ, ಕೆನೆ ಬಣ್ಣದ್ದು. ಬಿಳಿ ಪಿವಿಸಿ ಬಿಸಿನೀರಿಗೆ ಮೆತ್ತಗಾಗುತ್ತದೆ, ಇದು ತಡೆಯುತ್ತದೆ. ಥ್ರೆಡ್ಡಿಲ್ಲ, ಅಂಟು ಸವರಿ, ತೂರಿಸಿ, ಕಾಲು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಕೈಬಿಡದೆ ಒತ್ತಿ ಹಿಡಿಯಬೇಕು. ಆ ಹಿಡಿತವೇ ಇಡೀ ಕೆಲಸ. ಪ್ಲಂಬರ್ ಪ್ರತಿ ಜಾಯಿಂಟಿಗೂ ಮನಸ್ಸಿನಲ್ಲೇ ಎಣಿಸುತ್ತಿದ್ದುದು ತುಟಿಯಲ್ಲಿ ಕಾಣುತ್ತಿತ್ತು. ಮಾರನೇ ದಿನದವರೆಗೆ ನೀರು ಬಿಡಬೇಡಿ ಎಂದರು. ಬಿಡಲಿಲ್ಲ. ಮೂರನೇ ರಾತ್ರಿ ಕೋಲು ಇಳಿಸಿದೆ. ಗುರುತು ಗುರುತಿನಲ್ಲೇ ಇತ್ತು.

ಒಂಬತ್ತು ಇಂಚಿನ ಗೋಡೆ ಒಣಗಲು ತಿಂಗಳುಗಟ್ಟಲೆ ಬೇಕಂತೆ. ಅಲ್ಲಿಯವರೆಗೆ ಬಣ್ಣ ಹಚ್ಚುವ ಹಾಗಿಲ್ಲ, ಕ್ಯಾಲೆಂಡರನ್ನಂತೂ ತೂಗುಹಾಕುವ ಹಾಗೇ ಇಲ್ಲ. ಫ್ಯಾನು ಆ ಕಡೆಗೆ ತಿರುಗಿಸಿ, ಉಪ್ಪು ಕೆರೆದು ಕೆರೆದು ಒಂದಷ್ಟು ದಿನ ಕಾದೆವು. ಬೀರುವಿನ ಪಕ್ಕ ಒಡೆದಿದ್ದ ಕಂಡಿ ಮುಚ್ಚಲು ಗಾರೆಯವನು ಬಂದ. ಕರಣೆಯಿಂದ ಮೆತ್ತಿ, ಮಣೆಯಿಂದ ಉಜ್ಜಿ, ಕೈ ತೊಳೆದುಕೊಂಡು ಹೊರಡುವಾಗ ಹೇಳಿದ: ‘ಏಳು ದಿನ ಬೆಳಗ್ಗೆ ಸಾಯಂಕಾಲ ನೀರು ಹೊಡೀಬೇಕು ಸಾರ್. ಒಣಗಿಸ್ಬೇಡಿ. ಒಣಗಿದ್ರೆ ಬಿರುಕು ಬಿಡ್ತದೆ.’

ನಾನು ಫ್ಯಾನಿನ ಕಡೆ ನೋಡಿದೆ, ಅವನ ಕಡೆ ನೋಡಿದೆ. ಅಮ್ಮನಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಕಾಣಲಿಲ್ಲ. 1994ರಲ್ಲಿ ಅಪ್ಪ ಆಫೀಸಿಗೆ ಹೋದ ಮೇಲೆ ಬಾಡಿಗೆ ಮನೆಯಿಂದ ನಡೆದು ಬಂದು, ಕೊಡದಲ್ಲಿ ನೀರು ತಂದು, ಈ ಮನೆಯ ಅಷ್ಟೂ ಗೋಡೆಗೆ ದಿನಕ್ಕೆ ಎರಡು ಸಲ ನೀರು ಹೊಡೆದವರು ಅವರೇ. ಈಗಲೂ ಸಂಜೆ ಚೊಂಬು ಹಿಡಿದು ಬಂದು, ಬೊಗಸೆಯಲ್ಲಿ ತುಂಬಿಕೊಂಡು, ಮಣಿಕಟ್ಟನ್ನು ಮಾತ್ರ ಝಾಡಿಸಿ ಎರಚಿದರು. ನೆಲಕ್ಕೆ ಒಂದು ಹನಿ ಬೀಳಲಿಲ್ಲ. ಹಸಿ ಗಾರೆ ಸುರ್ರೆಂದು ಎಳೆದುಕೊಂಡಿತು.

‘ಇನ್ನೂ ಕುಡೀತಿದೆ ನೋಡು. ಇನ್ನೊಂದು ಚೊಂಬು ತಾ’ ಎಂದರು.