ಮೂಕಜೀವಿಯ ನೋವು

ಪ್ರಾಣಿಗಳ ನೋವನ್ನು ನಾವು ಬಹುಮಟ್ಟಿಗೆ ಕಿವಿಯಿಂದಲೇ ಅಳೆಯುತ್ತೇವೆ. ಕುರಿ ಅರಚಿದರೆ ಮನಸ್ಸು ಕಲಕುವುದು. ನಾಯಿ ಕುಂಯ್‌ಗುಟ್ಟಿದರೆ ಕಲ್ಲೆಸೆದ ಕೈಯೇ ನಾಚುವುದು. ಕೂಗಲಾರದ ಜೀವಿಯ ವಿಷಯದಲ್ಲಿ ನಮ್ಮ ಧರ್ಮಬುದ್ಧಿಯು ಏನನ್ನು ಹೇಳುವುದು? ಈ ಪ್ರಶ್ನೆಗೆ ಸಕಲೇಶಪುರ, ಆಲೂರು ಸೀಮೆಯವರು ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮೃಗಶಿರ, ಆರಿದ್ರ ಮಳೆಗಳು ಹಿಡಿದು ಹಳ್ಳಗಳು ಹೇಮಾವತಿಯತ್ತ ತುಂಬಿ ಹರಿಯತೊಡಗಿದಾಗ, ಗದ್ದೆಯ ಬದುಗಳಿಂದಲೂ ಕಲ್ಲುಸಂದುಗಳಿಂದಲೂ ಹೊರಬರುವ ಏಡಿಯೇ ಸಾಕು.

ಮಳೆಗಾಲದ ಚಳಿಯಲ್ಲಿ ಏಡಿಯ ಸಾರು ಮಲೆನಾಡಿನ ಅನೇಕರಿಗೆ ಪ್ರಿಯವಾದ ಊಟ. ಅದು ತಪ್ಪೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಜೀವವಿರುವಾಗಲೇ ಅದರ ಕಾಲುಗಳನ್ನು ಒಂದೊಂದಾಗಿ ಮುರಿದು, ಬಳಿಕ ಚಿಪ್ಪನ್ನು ಕೀಳುವ ವಾಡಿಕೆಯುಂಟು. ಕೇಳಿದರೆ, “ಅದಕ್ಕೇನು ನೋವು? ಕಾಲು ಹೋದರೆ ಮತ್ತೆ ಬೆಳೆಯುತ್ತದೆ” ಎಂಬ ಉತ್ತರ ಬರುವುದು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಏಡಿಯೂ, ಅದರ ದೊಡ್ಡ ದಾಯಾದಿಯಾದ ಕಡಲಿನ ಲಾಬ್‌ಸ್ಟರೂ ಹತ್ತು ಕಾಲಿನ ಜೀವಿಗಳು. ಚಿಪ್ಪು ಬೆಳೆಯದ ಕಾರಣ ಅದನ್ನು ಆಗಾಗ ಕಳಚಿ, ಮೆತ್ತನೆಯ ಹೊಸ ಚಿಪ್ಪಿನೊಡನೆ ಕೆಲವು ಕಾಲ ಅಡಗಿರುವುವು. ಶತ್ರುವು ಕಾಲನ್ನು ಹಿಡಿದರೆ, ಬುಡದ ಗೊತ್ತಾದ ಕೀಲಿನಲ್ಲಿ ತಾವೇ ಅದನ್ನು ಬಿಟ್ಟು ಓಡುವುವು. ಮುಂದೆ ಚಿಪ್ಪು ಕಳಚುವಾಗ ಹೊಸ ಕಾಲು ಮೂಡುವುದು. ಆದರೆ ತಾನಾಗಿ ಬಿಟ್ಟುಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಕಡಲೇಡಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತಾವೇ ಕಾಲು ಬಿಟ್ಟವುಗಳಿಗಿಂತ ಬಲವಂತದಿಂದ ಕಾಲು ಕಿತ್ತವುಗಳ ದೇಹವು ಹೆಚ್ಚು ಸಂಕಟದ ಲಕ್ಷಣಗಳನ್ನು ತೋರಿತು. 2013ರಲ್ಲಿ ಬೆಲ್‌ಫಾಸ್ಟಿನ ವಿದ್ವಾಂಸರಾದ ರಾಬರ್ಟ್ ಎಲ್ವುಡ್ ಅವರೂ ಅವರ ಸಹಚರರೂ ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಏಡಿಗಳ ಮುಂದೆ ಎರಡು ಕತ್ತಲೆಯ ಆಶ್ರಯಗಳನ್ನಿಟ್ಟು, ಒಂದರಲ್ಲಿ ಮಾತ್ರ ವಿದ್ಯುತ್ತಿನ ಆಘಾತವನ್ನು ಕೊಟ್ಟರು. ಎರಡು ಸಲ ಅನುಭವಿಸಿದ ಮೇಲೆ ಬಹುಪಾಲು ಏಡಿಗಳು ಆ ಆಶ್ರಯವನ್ನೇ ತೊರೆದುವು. ಬರಿಯ ಯಂತ್ರವು ಹೀಗೆ ನೆನಪಿಟ್ಟುಕೊಂಡು ದಾರಿ ಬದಲಿಸುವುದೇ?

“ಏಡಿಯ ಒಳಗನ್ನು ಹೊಕ್ಕು ನೋಡಿದವರಾರು?” ಎಂದು ಕೇಳಬಹುದು. ನೆರೆಯವನ ಹಲ್ಲುನೋವನ್ನಾದರೂ ಹೊಕ್ಕು ನೋಡಿದವರಾರು? ಅವನ ನಡೆಯಿಂದಲೇ ಊಹಿಸುತ್ತೇವೆ. ಏಡಿಗೆ ಆ ನ್ಯಾಯವನ್ನು ನಿರಾಕರಿಸಲು ಅದರ ಮೌನವೊಂದೇ ಕಾರಣವಾಗಲಾರದು. ಸಂದೇಹವೇ ಉಳಿದರೂ, ಅದರ ಲಾಭವು ಸಾಯುವ ಜೀವಿಗೆ ಸಲ್ಲಬೇಕು. ಏಕೆಂದರೆ ಇಲ್ಲಿ ನಮಗಾಗುವ ನಷ್ಟ ಅತ್ಯಲ್ಪ. ಲಾಬ್‌ಸ್ಟರನ್ನು ಜೀವಂತ ಕುದಿಯುವ ನೀರಿಗೆ ಹಾಕುವುದನ್ನು ಸ್ವಿಟ್ಸರ್ಲೆಂಡ್ 2018ರಲ್ಲಿ ನಿಷೇಧಿಸಿತು. ಬ್ರಿಟನ್ನಿನ 2022ರ ಶಾಸನವು ಏಡಿ, ಲಾಬ್‌ಸ್ಟರುಗಳನ್ನು ಸಂವೇದನೆಯುಳ್ಳ ಜೀವಿಗಳೆಂದು ಒಪ್ಪಿತು. ನಮ್ಮ ದೇಶದ 1960ರ ಪ್ರಾಣಿಹಿಂಸಾ ನಿವಾರಣಾ ಶಾಸನವಂತೂ ಮನುಷ್ಯನ ಹೊರತು ಎಲ್ಲ ಜೀವಿಗಳನ್ನೂ ‘ಪ್ರಾಣಿ’ ಎಂದೇ ಎಣಿಸಿದೆ. ಆಹಾರಕ್ಕಾಗಿ ಕೊಲ್ಲುವುದನ್ನು ಬಿಟ್ಟುಕೊಟ್ಟರೂ ಅನಾವಶ್ಯಕವಾದ ನೋವನ್ನು ಬಿಟ್ಟುಕೊಟ್ಟಿಲ್ಲ.

ಏಡಿಯ ಮೇಲೆ ನಮ್ಮವರು ಹೊರಿಸಿದ ಹಳೆಯ ಅಪವಾದವೊಂದುಂಟು: ಮರಿಗಳು ಹೆತ್ತವರನ್ನೇ ತಿನ್ನುವುವೆಂದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭಾರದ್ವಾಜನ ಮತವನ್ನು ಹೇಳುವಾಗ ರಾಜಪುತ್ರರನ್ನು ಇದೇ ಕಾರಣಕ್ಕೆ ಏಡಿಗಳಿಗೆ ಹೋಲಿಸಿದೆ. ನಿಜಸ್ಥಿತಿಯೇ ಬೇರೆ. ಲಾಬ್‌ಸ್ಟರಿನ ಸಾವಿರಾರು ಮರಿಗಳು ಹುಟ್ಟಿದೊಡನೆ ಕಡಲಿನಲ್ಲಿ ತೇಲಿಹೋಗುವುವು. ಸಿಹಿನೀರಿನ ಏಡಿಯ ಮೊಟ್ಟೆಗಳಾದರೋ ಕಡಿಮೆ, ಗಾತ್ರದಲ್ಲಿ ದೊಡ್ಡವು. ಅವುಗಳಿಂದ ಪುಟ್ಟ ಏಡಿಗಳೇ ಹೊರಬಂದು, ತಾಯಿಯ ಹೊಟ್ಟೆಯಡಿಯ ಮಡಿಕೆಯಲ್ಲಿ ಕೆಲವು ಕಾಲ ಮಡಿಲ ಕೂಸುಗಳಂತೆ ಇರುವುವು. ಅಂತಹ ತಾಯಿಯನ್ನು ಹಿಡಿದವನು ಒಂದು ಏಡಿಯನ್ನಲ್ಲ, ಒಂದು ಸಂಸಾರವನ್ನೇ ಹಿಡಿದಂತೆ. ಅಮೆರಿಕದ ಮೇನ್ ಪ್ರಾಂತದ ಬೆಸ್ತರು ಮೊಟ್ಟೆ ಹೊತ್ತ ಲಾಬ್‌ಸ್ಟರಿನ ಬಾಲಕ್ಕೆ ಗುರುತಿನ ಗೀರು ಹಾಕಿ ನೀರಿಗೆ ಮರಳಿಸುವರು. ಮುಂದೆ ಆ ಗುರುತನ್ನು ಕಂಡ ಬೆಸ್ತನೂ ಅದನ್ನು ಬಿಟ್ಟುಬಿಡಬೇಕು. ಹೊಟ್ಟೆಪಾಡಿನವರಿಗೆ ಸಾಧ್ಯವಾದುದು ನಾಲಗೆಯ ರುಚಿಗಾಗಿ ಹಿಡಿಯುವವರಿಗೆ ಅಸಾಧ್ಯವೇ?

ಮಾಡಬೇಕಾದುದು ಇಷ್ಟೆ. ಹಿಡಿದ ಏಡಿಯ ಹೊಟ್ಟೆಯಡಿಯನ್ನು ನೋಡಿ, ಮೊಟ್ಟೆಮರಿಗಳಿದ್ದರೆ ಹಳ್ಳಕ್ಕೆ ಬಿಡಬೇಕು. ಕೊಲ್ಲುವುದಾದರೆ ಮೊದಲು ಕೊಲ್ಲಬೇಕು, ಆಮೇಲೆ ಕಾಲು ಮುರಿಯಬೇಕು. ಏಡಿಯ ನರಗಳ ಗಂಟು ಕಣ್ಣುಗಳ ನಡುವೆ ಒಂದು, ಅಡಿಮೈಯ ನಡುವೆ ಒಂದು. ಮೊನೆಯಾದ ಸಲಾಕೆಯಿಂದ ಎರಡನ್ನೂ ತಡವಿಲ್ಲದೆ ಚುಚ್ಚಿದರೆ ಸಾವು ಶೀಘ್ರವಾಗುವುದು. ಬೇಡಿಕೊಳ್ಳುವವನಿಗೆ ತೋರುವ ಕರುಣೆಯಲ್ಲಿ ಅವನ ಕೂಗಿಗೂ ಪಾಲಿದೆ. ಬೇಡಲಾರದ ಜೀವಿಗೆ ತೋರಿದ ಕರುಣೆಯೊಂದೇ ಪೂರ್ಣವಾಗಿ ನಮ್ಮದು.