ಮುಪ್ಪು, ಮನೆ ಮತ್ತು ಹಂಗು

ಯುದ್ಧ ಮುಗಿದ ಮೇಲಿನ ಕಥೆಯಾದುದರಿಂದಲೋ ಏನೋ, ಮಹಾಭಾರತದ ಆಶ್ರಮವಾಸಿಕ ಪರ್ವದತ್ತ ನಮ್ಮ ಗಮನ ಹರಿಯುವುದು ಕಡಿಮೆ. ನೂರು ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರ ಯುಧಿಷ್ಠಿರನ ಆಶ್ರಯದಲ್ಲಿ 15 ವರ್ಷ ಬಾಳಿದ. ಅನ್ನ, ವಸ್ತ್ರ, ಪರಿಚಾರಕರು ಯಾವುದಕ್ಕೂ ಕೊರತೆಯಿರಲಿಲ್ಲ. ಧರ್ಮರಾಯನ ಆದರದಲ್ಲಿ ಕಪಟವೂ ಇರಲಿಲ್ಲ. ಆದರೆ ಭೀಮನ ಚುಚ್ಚುಮಾತು ಆಗಾಗ ಕಿವಿಗೆ ಬೀಳುತ್ತಿತ್ತು. ಕೊನೆಗೆ ಮುದುಕ ಕಾಡಿಗೆ ಹೊರಟ. ಗಾಂಧಾರಿ, ವಿದುರ, ಸಂಜಯರು ಜತೆಯಾದರು. ಇವರ ಹೊರಡುವಿಕೆ ಅರ್ಥವಾಗುತ್ತದೆ. ಅರ್ಥವಾಗದೆ ಕಾಡುವವಳು ಕುಂತಿ. ಅವಳ ಮಕ್ಕಳೇ ಅರಸರು. ಅವರೆಲ್ಲ ಕಣ್ಣೀರಿಟ್ಟು ತಡೆದರು. ಅವಳನ್ನು ಯಾರೂ ನೋಯಿಸಿರಲಿಲ್ಲ. ಆದರೂ ಅತ್ತೆಮಾವಂದಿರ ಸ್ಥಾನದಲ್ಲಿದ್ದ ಆ ಹಿರಿಯರ ಸೇವೆ ಮಾಡುತ್ತೇನೆಂದು ಗಾಂಧಾರಿಯ ಕೈಹಿಡಿದು ನಡೆದುಬಿಟ್ಟಳು. ಶಾಸ್ತ್ರ ಇದನ್ನು ವಾನಪ್ರಸ್ಥವೆನ್ನುತ್ತದೆ. ಐದು ಮಂದಿ ವೃದ್ಧರು ತಮ್ಮ ಸಂಗಾತಿಗಳನ್ನೂ ತಮ್ಮ ನೆಲೆಯನ್ನೂ ತಾವೇ ಆರಿಸಿಕೊಂಡ ಕಥೆಯೆಂದೂ ಇದನ್ನು ಓದಬಹುದು.

ಕುಂತಿಗೆ ಅರಮನೆಯಲ್ಲಿ ಇಲ್ಲದಿದ್ದುದು ಏನು? ಇದಕ್ಕೆ ಉತ್ತರ ಹುಡುಕಲು ಕನ್ನಡದಲ್ಲಿ ಒಂದು ಒಳ್ಳೆಯ ಪದವಿದೆ: ಹಂಗು. ಯಾರ ಹಂಗೂ ಇಲ್ಲದೆ ಬದುಕುವುದೇ ಸ್ವಾತಂತ್ರ್ಯ ಎಂಬುದು ಯೌವನದ ವ್ಯಾಖ್ಯೆ. ಮೊಣಕಾಲು ನೋಯತೊಡಗಿದವರು ಆ ವ್ಯಾಖ್ಯೆಯನ್ನು ಹಿಡಿದು ಕುಳಿತರೆ ಒಂಟಿತನವೊಂದೇ ಉಳಿದೀತು. ನನಗನಿಸುವಂತೆ, ಪಡೆದ ಮಾತ್ರಕ್ಕೆ ಹಂಗು ಹುಟ್ಟುವುದಿಲ್ಲ. ಮರಳಿ ಕೊಡುವ ದಾರಿ ಮುಚ್ಚಿಹೋದಾಗ ಹುಟ್ಟುತ್ತದೆ. ನೆರೆಮನೆಯಿಂದ ಬಂದ ಬಸಳೆಯ ಕಟ್ಟು ಹಂಗಾಗದಿರುವುದು ನಾಳೆ ನಮ್ಮ ಹಿತ್ತಿಲ ನುಗ್ಗೆ ಅಲ್ಲಿಗೆ ಹೋಗುವುದರಿಂದ. ಮಕ್ಕಳ ಮನೆಯಲ್ಲಿ ಎಷ್ಟೇ ಪ್ರೀತಿಯಿದ್ದರೂ, “ನೀವು ಸುಮ್ಮನೆ ಕುಳಿತಿರಿ ಅಮ್ಮ” ಎಂಬ ಕಕ್ಕುಲಾತಿಯ ಮಾತೇ ಆ ದಾರಿಗೆ ಅಡ್ಡ ಹಾಕಿದ ದಣಪೆಯಾಗುವುದುಂಟು.

ನಮ್ಮ ಕಾನೂನು ಮುಪ್ಪಿಗೆ ಎರಡೇ ನೆಲೆಗಳನ್ನು ಗುರುತಿಸಿದಂತಿದೆ. ತಂದೆತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆ ಒಂದೆಡೆ ಮಕ್ಕಳ ಮೇಲೆ ಪೋಷಣೆಯ ಹೊಣೆ ಹೊರಿಸುತ್ತದೆ. ಇನ್ನೊಂದೆಡೆ ಜಿಲ್ಲೆಗೊಂದರಂತೆಯಾದರೂ ಕನಿಷ್ಠ 150 ನಿರ್ಗತಿಕ ವೃದ್ಧರು ತಂಗಬಹುದಾದ ವೃದ್ಧಾಶ್ರಮಗಳ ಮಾತನಾಡುತ್ತದೆ. ಎರಡೂ ಬೇಕಾದುವೇ. ಆದರೆ ಎರಡರಲ್ಲಿಯೂ ಹಿರಿಯರು ಪಡೆಯುವವರು ಮಾತ್ರ. ನಿರ್ಗತಿಕರೂ ಅಲ್ಲದ, ಮಕ್ಕಳೊಡನೆ ಹೋಗಲೂ ಒಲ್ಲದ ಬಹುಮಂದಿ ಈ ಎರಡರ ನಡುವೆ ದೊಡ್ಡ ಮನೆಗಳಲ್ಲಿ ಒಬ್ಬೊಬ್ಬರೇ ಉಳಿದಿದ್ದಾರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು ಶೇಕಡ 8.6, ಕೇರಳದಲ್ಲಿ ಶೇಕಡ 12.6. ಕಾಸರಗೋಡಿನ ಅಡಿಕೆತೋಟಗಳ ನಡುವಿನ ಮನೆಗಳನ್ನು ಬಲ್ಲವರಿಗೆ ಈ ಅಂಕಿಯನ್ನು ವಿವರಿಸಬೇಕಾಗಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಕೊಲ್ಲಿಯಲ್ಲಿ, ಚಾವಡಿಯಲ್ಲಿ ಒಂದು ದೀಪ.

ಮೂರನೆಯ ನೆಲೆಯನ್ನು ಕುರಿತು ಹೆಚ್ಚು ಯೋಚಿಸಿದ ನಾಡು ಡೆನ್ಮಾರ್ಕ್. 1980ರ ದಶಕದ ಆರಂಭದಲ್ಲಿ ಅಲ್ಲಿನ ವೃದ್ಧರ ಆಯೋಗವೊಂದು ಮೂರು ಸೂತ್ರಗಳನ್ನು ಮುಂದಿಟ್ಟಿತು: ಬದುಕಿನ ಎಳೆ ಕಡಿಯಬಾರದು, ತನ್ನ ತೀರ್ಮಾನ ತನ್ನದಾಗಿರಬೇಕು, ಉಳಿದಿರುವ ಶಕ್ತಿಯನ್ನು ಬಳಸಲು ಎಡೆಯಿರಬೇಕು. ಆ ದಶಕ ಮುಗಿಯುವ ಮೊದಲೇ ಹಳೆಯ ಮಾದರಿಯ ಶುಶ್ರೂಷಾಗೃಹಗಳನ್ನು ಹೊಸದಾಗಿ ಕಟ್ಟುವುದನ್ನು ಆ ದೇಶ ನಿಲ್ಲಿಸಿತು. ಅದಕ್ಕೂ ಹಿಂದೆ, 1972ರಲ್ಲಿಯೇ, ಕೆಲವು ಕುಟುಂಬಗಳು ಸೇರಿ ಪ್ರತ್ಯೇಕ ಮನೆಗಳೂ ನಡುವೆ ಒಂದು ಸಮುದಾಯದ ಮನೆಯೂ ಇರುವ ಸೆಟ್ಟೆಡಾಮ್ಮೆನ್ ಎಂಬ ನೆಲೆಯನ್ನು ಕಟ್ಟಿಕೊಂಡಿದ್ದವು. ಮುಂದೆ ಹಿರಿಯರೇ ಆ ಮಾದರಿಯನ್ನು ತಮಗಾಗಿ ಎತ್ತಿಕೊಂಡರು.

ಲಂಡನ್ನಿನ ಉತ್ತರ ಅಂಚಿನ ಹೈ ಬಾರ್ನೆಟ್‌ನಲ್ಲಿರುವ ‘ನ್ಯೂ ಗ್ರೌಂಡ್’ ಇಂಥದೇ ಒಂದು ನೆಲೆ. 50 ದಾಟಿದ ಮಹಿಳೆಯರದೇ ಒಂದು ಗುಂಪು 1998ರಲ್ಲಿ ಆರಂಭಿಸಿದ ಪ್ರಯತ್ನ 2016ರಲ್ಲಿ ಕೈಗೂಡಿತು. ಹದಿನೆಂಟು ವರ್ಷ! ನಿವೇಶನ ಸಿಗಲಿಲ್ಲ, ನಂಬಿ ಹಣ ಹೂಡುವವರು ಸುಲಭವಾಗಿ ದೊರೆಯಲಿಲ್ಲ. ಈಗ ಅಲ್ಲಿ 25 ಮನೆಗಳಿವೆ. 17 ಸ್ವಂತದವು, 8 ಮನೆಗಳು ಕಡಿಮೆ ವರಮಾನದವರಿಗೆ ಕಡಿಮೆ ಬಾಡಿಗೆಗೆ. ಇದೆಲ್ಲ ಹಣವಂತರ ಹವ್ಯಾಸ ಎನ್ನುವವರಿಗೆ ಈ ಎಂಟು ಮನೆಗಳು ಅರ್ಧ ಉತ್ತರ. ಇನ್ನರ್ಧ ಉತ್ತರವನ್ನು ಸರಕಾರಗಳು ಕೊಡಬೇಕು. ಪ್ರತಿಯೊಬ್ಬಳಿಗೂ ತನ್ನದೇ ಬಾಗಿಲು, ತನ್ನದೇ ಒಲೆ. ಹಂಚಿಕೊಳ್ಳಲು ಸಭಾಂಗಣ, ತೋಟ, ಬಟ್ಟೆ ಒಗೆಯುವ ಕೋಣೆ. ಆಡಳಿತ ಅವರದೇ. ನೀಲನಕ್ಷೆಯನ್ನೂ ವಾಸ್ತುಶಿಲ್ಪಿಗಳೊಡನೆ ಕುಳಿತು ಅವರೇ ರೂಪಿಸಿದರು.

ತನ್ನದೇ ಒಲೆ ಎಂಬುದನ್ನು ಸಣ್ಣ ಮಾತೆಂದು ಬಗೆಯಬಾರದು. ಎಲ್ಲರಿಗೂ ಒಂದೇ ಅಡುಗೆಮನೆ ಸಾಲದೇ, ಖರ್ಚು ಉಳಿಯುತ್ತದಲ್ಲ ಎಂದು ಲೆಕ್ಕ ಬಲ್ಲವರು ಕೇಳುವರು. ಒಲೆಯಿಲ್ಲದವಳು ಮನೆಯಲ್ಲಿ ಅತಿಥಿ. ಬಂದವರಿಗೆ ಒಂದು ಲೋಟ ಕಾಫಿ ಕೊಡಲಾರದವಳು ಎಂಥ ಯಜಮಾನಿ? ಸಮುದಾಯದ ಅಡುಗೆಮನೆ ಇರಲಿ, ವಾರಕ್ಕೊಮ್ಮೆ ಕೂಡಿ ಉಣ್ಣಲಿ. ಆದರೆ ಕೂಡುವುದಕ್ಕೆ ಅರ್ಥ ಬರುವುದು ಕೂಡದಿರುವ ಹಕ್ಕು ಇದ್ದಾಗಲೇ. ಇನ್ನೊಂದು ಮಾತನ್ನು ಇಲ್ಲಿಯೇ ಆಡಿಬಿಡಬೇಕು. ಕೂಡಿ ಉಣ್ಣುವ ಮನೆ ಎಂದೊಡನೆ ಅಡುಗೆ ಯಾರದು, ಪಂಕ್ತಿಯಲ್ಲಿ ಯಾರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಮೆಲ್ಲನೆ ತಲೆಯೆತ್ತುತ್ತದೆ. ಜಾತಿಗೊಂದರಂತೆ ಇಂಥ ನೆಲೆಗಳು ಎದ್ದರೆ, ಸಂಗಾತಿಗಳ ಆಯ್ಕೆ ಎಂದು ನಾವು ಕರೆಯುವುದು ಹಳೆಯ ಗೋಡೆಗಳಿಗೆ ಬಳಿದ ಹೊಸ ಸುಣ್ಣವಷ್ಟೇ ಆದೀತು.

ಬಚ್ಚಲುಮನೆಯ ಬಾಗಿಲಿನ ವಿಚಾರವೂ ಹೀಗೆಯೇ. ಅದು ಒಳಕ್ಕೆ ತೆರೆಯುವಂತಿದ್ದರೆ, ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ತಡೆ. ಆದ್ದರಿಂದ ಹೊರಕ್ಕೆ ತೆರೆಯಬೇಕು. ಇದು ತಂತ್ರಜ್ಞಾನದ ಮಾತು. ಆದರೆ ಚಿಲಕ? ಬಿದ್ದರೆ ಎತ್ತಬೇಕಲ್ಲ ಎಂದು ಅನೇಕ ಮನೆಗಳಲ್ಲಿ ಮುದುಕರ ಬಚ್ಚಲಿನ ಚಿಲಕವನ್ನೇ ಕಿತ್ತುಬಿಡುತ್ತಾರೆ. ಕಾಳಜಿ ನಿಜವಾದದ್ದೇ, ಅದರೊಡನೆ ಒಬ್ಬ ಮನುಷ್ಯನ ಮಾನವೂ ಕಿತ್ತುಹೋಯಿತೆಂಬುದು ಯಾರ ಗಮನಕ್ಕೂ ಬಾರದು. ಒಳಗಿನಿಂದ ಹಾಕಿಕೊಂಡರೂ ತೀರ ತುರ್ತಾದಾಗ ಹೊರಗಿನಿಂದ ಒಂದು ನಾಣ್ಯ ತಿರುಗಿಸಿ ತೆರೆಯಬಹುದಾದ ಚಿಲಕಗಳಿವೆ. ಮುಪ್ಪಿನ ನೀತಿಶಾಸ್ತ್ರವೆಂದು ಒಂದಿದ್ದರೆ ಅದರ ಮೊದಲ ಅಧ್ಯಾಯ ಈ ಚಿಲಕದ ಮೇಲಿರಬೇಕು: ಹಾಕುವ ಅಧಿಕಾರ ಒಳಗಿನವರದು, ತೆರೆಯುವ ಹೊಣೆ ನೆರೆಯವರದು.

ನಮ್ಮ ಹಳೆಯ ಮನೆಗಳು ನೆರೆಯನ್ನು ಬಲ್ಲುವು, ಮುಪ್ಪನ್ನು ಅಷ್ಟಾಗಿ ಬಲ್ಲವು. ಜಗಲಿಯಂಥ ಸ್ಥಳವನ್ನು ಯಾವ ವಾಸ್ತುಶಿಲ್ಪಿಯೂ ಸುಲಭದಲ್ಲಿ ಕಲ್ಪಿಸಲಾರ. ಮನೆಯೊಳಗೂ ಅಲ್ಲದ ಹೊರಗೂ ಅಲ್ಲದ ಅಲ್ಲಿ ಕುಳಿತರೆ ದಾರಿಹೋಕರು ತಾವಾಗಿ ಮಾತನಾಡಿಸುತ್ತಾರೆ. ಆದರೆ ಅಂಗಳದಿಂದ ಅದಕ್ಕೆ ಮೂರಡಿ ಎತ್ತರ. ಗಾಲಿಕುರ್ಚಿಯ ಇಳಿಜಾರಿಗೆ ನಮ್ಮ ದೇಶದ ಮಾರ್ಗಸೂಚಿ ಹೇಳುವುದು ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ಮೂರಡಿಗೆ 36 ಅಡಿ. ನಮ್ಮ ಅಂಗಳಗಳಲ್ಲಿ ಅಷ್ಟು ಜಾಗವಿದೆ, ಮನಸ್ಸು ಬೇಕು. ಡೆನ್ಮಾರ್ಕಿನ ನಕ್ಷೆಯನ್ನು ಹಾಗೆಯೇ ತಂದರೂ ಪ್ರಯೋಜನವಿಲ್ಲ: ಮನೆಯಿಂದ ಸಮುದಾಯದ ಮನೆಗೆ ಮಾಡು ಹಾಕಿದ ದಾರಿಯಿರದಿದ್ದರೆ ಆಟಿಯ ಮಳೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಾರರು.

ಗಡಿನಾಡಿನವರಿಗೆ ಇದರಲ್ಲಿ ಇನ್ನೂ ಒಂದು ಹಿತಾಸಕ್ತಿಯಿದೆ. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಎಳವೆಯ ಭಾಷೆ ಉಳಿಯುವುದುಂಟು. ಆ ಹೊತ್ತಿನಲ್ಲಿ ಸುತ್ತಲೂ ಆ ಭಾಷೆಯವರೇ ಇಲ್ಲದಿದ್ದರೆ? ನಮ್ಮಲ್ಲಿ ಎಳವೆಯ ಭಾಷೆ ಕೆಲವರಿಗೆ ತುಳು, ಕೆಲವರಿಗೆ ಕೊಂಕಣಿ, ಮರಾಠಿ, ಹವ್ಯಕ. ಕನ್ನಡ ಅವರೆಲ್ಲರ ಚಾವಡಿ. ಭಾಷೆಯ ಉಳಿವೆಂದರೆ ಶಾಲೆಯನ್ನಷ್ಟೇ ನೆನೆಯುವ ನಾವು, ಕೊನೆಯ ಮಾತುಗಳು ಆಡಲ್ಪಡುವ ಮನೆಯನ್ನೂ ನೆನೆಯಬೇಕಲ್ಲವೇ?

ಕಠಿಣವಾದ ಪ್ರಶ್ನೆಯೊಂದು ಉಳಿದಿದೆ. ಒಟ್ಟಿಗೆ ಬಂದವರು ಒಟ್ಟಿಗೇ ಹಣ್ಣಾಗುತ್ತಾರೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಯಾರು? ಲಂಡನ್ನಿನ ಮಹಿಳೆಯರು ಈ ಗೆರೆಯನ್ನು ಮೊದಲೇ ಎಳೆದುಕೊಂಡಿದ್ದಾರೆ: ಔಷಧ ತಂದುಕೊಡುವುದು, ಬಾಗಿಲು ತಟ್ಟಿ ವಿಚಾರಿಸುವುದು ನೆರೆಯ ಧರ್ಮ, ಮೈ ತೊಳೆಸುವ ಶುಶ್ರೂಷೆ ಅದರಲ್ಲಿ ಸೇರಿಲ್ಲ. ಕ್ರೂರವೆನಿಸಿದರೂ ಪ್ರಾಮಾಣಿಕವಾದ ಗೆರೆ. ಮಕ್ಕಳ ಕರ್ತವ್ಯ ಅಲ್ಲಿಗೆ ಮುಗಿಯಿತೆಂದೂ ಇದರ ಅರ್ಥವಲ್ಲ. ಹಂಗಿನ ಭಾರವಿಳಿದ ಮೇಲೆ ಬರುವ ಮಗ ಹೆಚ್ಚು ಹೊತ್ತು ಕುಳಿತಾನು. ಉಳಿದ ಶುಶ್ರೂಷೆಗೆ ಕೇರಳದಲ್ಲಿ ಒಂದು ಅನುಕೂಲವಿದೆ. 2008ರ ಉಪಶಾಮಕ ಆರೈಕೆ ನೀತಿಯ ಬಳಿಕ ಪಂಚಾಯತುಗಳ ವ್ಯವಸ್ಥೆಯಲ್ಲಿ ದಾದಿಯರು ಹಾಸಿಗೆ ಹಿಡಿದವರ ಮನೆಗಳಿಗೇ ಬರುತ್ತಾರೆ. ಗುಡ್ಡ ಹತ್ತಿ, ತೋಟ ಇಳಿದು, ಸಂಕ ದಾಟಿ ಒಂದೊಂದು ಒಂಟಿಮನೆಗೆ ತಲುಪುವಷ್ಟರಲ್ಲಿ ಅವರ ದಿನ ಕಳೆದುಹೋಗುತ್ತದೆ. ಎಂಟು ಮನೆಗಳು ಒಂದೇ ಅಂಗಳದ ಸುತ್ತ ಇದ್ದರೆ, ಒಂದೇ ಬೆಳಗಿನಲ್ಲಿ ಎಂಟೂ ಬಾಗಿಲುಗಳನ್ನು ತಟ್ಟಬಹುದು.