ಲ.ಸಾ.ಅ., ಮಳೆ, ಮೈಲುತುತ್ತು

ಐದನೆಯ ತನಕ ನಮ್ಮ ಸರ್ಕಾರಿ ಶಾಲೆಯ ಮಕ್ಕಳ ಚೀಲದಲ್ಲಿ ‘ಪರಿಸರ ಅಧ್ಯಯನ’ ಎಂಬ ಪುಸ್ತಕ ಇರುತ್ತದೆ. ಬಾವಿ, ಬಸ್ಸು, ಬೇರು, ಪಂಚಾಯತು, ಅಜ್ಜನ ಕಾಲದ ಮನೆ, ಊಟಕ್ಕೆ ಮುಂಚೆ ಕೈ ತೊಳೆಯುವುದು, ಎಲ್ಲವೂ ಅದರೊಳಗೇ. ಆರನೆಗೆ ಬಂದಾಗ ಆ ಪುಸ್ತಕ ಇಲ್ಲ. ಅದರ ಜಾಗಕ್ಕೆ ವಿಜ್ಞಾನ ಒಂದು, ಸಮಾಜ ವಿಜ್ಞಾನ ಒಂದು. ಜೊತೆಗೆ ಹೊಸದಾಗಿ ಹಿಂದಿ. ಬೇರು ಒಂದು ಪುಸ್ತಕಕ್ಕೆ ಹೋಯಿತು, ಪಂಚಾಯತು ಇನ್ನೊಂದಕ್ಕೆ. ಬಾವಿ ಎಲ್ಲಿಗೆ ಹೋಯಿತೆಂದು ಹುಡುಕಬೇಕು.

ದೊಡ್ಡವರು ಲೋಕವನ್ನು ಹೀಗೆ ಪಾಲು ಮಾಡಿ ಕೊಡುತ್ತಾರೆ. ಪಾಲು ಮಾಡದೆ ಕಲಿಸುವುದಕ್ಕೂ ಆಗುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಪಾಲಾದದ್ದನ್ನು ಮತ್ತೆ ಒಟ್ಟು ಮಾಡುವ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಪೀರಿಯಡ್ ಇಲ್ಲ. ಅದನ್ನು ಮಗುವೇ ಮಾಡಿಕೊಳ್ಳುತ್ತದೆ. ಹನ್ನೊಂದರಿಂದ ಹದಿಮೂರರ ಪ್ರಾಯದ ಮಕ್ಕಳ ಮುಖದಲ್ಲಿ ನಾನು ಕಂಡ ಅಚ್ಚರಿ ಹೆಚ್ಚಾಗಿ ಈ ಹೊತ್ತಿನದು: ಗಣಿತದ ಪುಸ್ತಕದಲ್ಲಿ ಇದ್ದದ್ದೇ ಸಮಾಜ ಪುಸ್ತಕದಲ್ಲೂ ಇದೆ, ಮನೆಯ ಹಿತ್ತಿಲಲ್ಲೂ ಇದೆ ಎಂದು ಗೊತ್ತಾಗುವ ಹೊತ್ತು.

ನಮ್ಮ ಊರು ಲಾಯಿಲದಲ್ಲಿ ಇದಕ್ಕೆ ಮೊದಲ ಸಾಮಗ್ರಿ ಮಳೆ. ಅರಬ್ಬೀ ಸಮುದ್ರದ ಗಾಳಿ ಘಟ್ಟಕ್ಕೆ ಒತ್ತಿ, ಮೇಲೇರಿ, ತಣಿದು ಸುರಿಯುತ್ತದೆ ಎಂಬುದು ಸಮಾಜ ಪುಸ್ತಕದ ಭೂಗೋಳ. ಆವಿ ತಣಿದರೆ ನೀರಾಗುವುದು ವಿಜ್ಞಾನ. ನಮ್ಮ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಎಂದು ಟೀಚರ್ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೇ. ಮಿಲಿಮೀಟರ್ ಅಂದರೆ ಸ್ಕೇಲಿನ ಮೇಲಿನ ಸಣ್ಣ ಗೀರು, ಅದರಲ್ಲಿ ಮಳೆ ಕಾಣುವುದಿಲ್ಲ. ಅದೇ ಲೆಕ್ಕವನ್ನು ಗಣಿತದ ಪೀರಿಯಡ್ಡಿಗೆ ತಂದು ನೋಡಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ನಿಂತರೆ ಅದು ಸರಿಯಾಗಿ ಒಂದು ಲೀಟರ್. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಂದರೆ ಬೆಂಚಿನಷ್ಟೇ ಜಾಗದ ಮೇಲೆ ವರ್ಷಕ್ಕೆ ನಾಲ್ಕು ಸಾವಿರ ಲೀಟರ್ ಬೀಳುತ್ತದೆ. ಹರಿದು ಹೋಗದೆ ನಿಂತರೆ ನಾಲ್ಕು ಮೀಟರ್ ಎತ್ತರ, ತರಗತಿಯ ಬಾಗಿಲು ಪೂರ್ತಿ ಮುಳುಗಿ ಮೇಲೂ ನೀರು. ಇಪ್ಪತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಒಂದು ಮಾಡು ಅಂತ ಇಟ್ಟುಕೊಂಡರೆ ಅದರಿಂದ ಇಳಿಯುವುದು 4,80,000 ಲೀಟರ್. ಇಲ್ಲಿಗೆ ಬಂದಾಗ ತರಗತಿಯಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ಹಾಗಾದರೆ ಏಪ್ರಿಲಿನಲ್ಲಿ ನಮ್ಮ ಬಾವಿಯ ತಳ ಯಾಕೆ ಕಾಣುತ್ತದೆ? ಈ ಪ್ರಶ್ನೆ ಯಾವ ಪುಸ್ತಕದ್ದು? ಮಣ್ಣಿನದೋ, ಕಾಡಿನದೋ, ಪಂಚಾಯತಿನದೋ? ಬಾವಿ ಎಲ್ಲಿಗೆ ಹೋಯಿತೆಂದು ಹುಡುಕಬೇಕು ಎಂದೆನಲ್ಲ, ಅದು ಎಲ್ಲ ಪುಸ್ತಕಗಳಿಗೂ ಸ್ವಲ್ಪ ಸ್ವಲ್ಪ ಹೋಗಿದೆ.

ಈ ತಾಲೂಕಿನ ಮಕ್ಕಳಿಗೆ ಮಳೆ ಬರೀ ಲೆಕ್ಕವೂ ಅಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಕಡೆ ಗುಡ್ಡ ಜರಿದು, ಮೃತ್ಯುಂಜಯ ಹೊಳೆ ಉಕ್ಕಿ, ಕೊಳಂಬೆಯ ತೋಟ ಮನೆಗಳ ಮೇಲೆ ಮರಳು ಮರದ ದಿಮ್ಮಿ ಬಂದು ಬಿದ್ದದ್ದನ್ನು ಮನೆಯವರ ಬಾಯಿಂದ ಕೇಳಿಯೇ ಅವರು ಬೆಳೆದಿದ್ದಾರೆ. ಭೂಕುಸಿತದ ಪಾಠ ಬಂದಾಗ ಕೆಲವರು ಸುಮ್ಮನಾಗುತ್ತಾರೆ. ಆ ಮೌನವೂ ಕಲಿಕೆಯೇ.

ಲಾಯಿಲದಿಂದ ನಡ ಗ್ರಾಮದ ಕಡೆ ಹೋದರೆ ಎದುರಿಗೇ ಗಡಾಯಿಕಲ್ಲು. ಟಿಪ್ಪು ಸುಲ್ತಾನ 1794ರಲ್ಲಿ ಅದರ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಲ್ಲಿ ಜಮಾಲಾಬಾದ್ ಎಂದು ಕರೆದ, 1799ರಲ್ಲಿ ಅದು ಬ್ರಿಟಿಷರ ಕೈಸೇರಿತು. ಇದು ಸಮಾಜ. ನೆಲದಾಳದಲ್ಲಿ ಕುದಿದ ಶಿಲಾರಸ ಮೆಲ್ಲಗೆ ತಣಿದು ಗಟ್ಟಿಯಾಗಿ, ಮೇಲಿನ ಪದರಗಳೆಲ್ಲ ಸವೆದು ಹೋದ ಮೇಲೆ ಹೊರಗೆ ಕಂಡ ಬಂಡೆ. ಇದು ಶಿಲೆಗಳ ಪಾಠ. ಇನ್ನೂರು ಚಿಲ್ಲರೆ ವರ್ಷದ ಕೋಟೆ, ಕೋಟಿಗಟ್ಟಲೆ ವರ್ಷದ ಕಲ್ಲು. ಎರಡನ್ನೂ ಒಂದೇ ಕಾಲರೇಖೆಯ ಮೇಲೆ ಗುರುತು ಮಾಡಲು ಹೊರಟ ಮಗುವಿಗೆ ನೋಟ್‌ಬುಕ್ಕಿನ ಪುಟ ಸಾಲುವುದಿಲ್ಲ. ಸಾಲದೆ ಹೋಗುವುದೇ ಅಲ್ಲಿ ಮುಖ್ಯ.

ನನಗೆ ತುಂಬ ಪ್ರೀತಿಯ ಕೂಡುದಾರಿ ಒಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಲ್ಕನೇ ಒಂದಕ್ಕೆ ಆರನೇ ಒಂದನ್ನು ಕೂಡಿಸಬೇಕಾದರೆ ಛೇದಗಳ ಲ.ಸಾ.ಅ. ಹನ್ನೆರಡು ಎಂದು ಕಂಡುಹಿಡಿದು ಹನ್ನೆರಡನೇ ಐದು ಎಂದು ಬರೆಯುತ್ತೇವೆ. ಆರನೇ ಕ್ಲಾಸಿನಲ್ಲಿ ಮಕ್ಕಳಿಗೆ ಲೆಕ್ಕ ಬೇಸರ ಬರುವುದು ಹೆಚ್ಚಾಗಿ ಇಲ್ಲಿಂದಲೇ. ಯಾರೋ ಎಲ್ಲೋ ಮಾಡಿಟ್ಟ ನಿಯಮ, ನಾವು ಪಾಲಿಸಬೇಕು ಎಂಬಂತೆ ಇರುತ್ತದೆ. ಆ ‘ಯಾರೋ’ಗಳಲ್ಲಿ ಒಬ್ಬರು ಮಹಾವೀರಾಚಾರ್ಯ. ಒಂಬತ್ತನೆಯ ಶತಮಾನದ ಜೈನ ಗಣಿತಜ್ಞ. ಭಿನ್ನರಾಶಿ ಕೂಡಿಸಲು ಲ.ಸಾ.ಅ. ಬಳಸುವ ಕ್ರಮವನ್ನು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಸ್ಪಷ್ಟವಾಗಿ ಹೇಳಿದವರು. ಅವರು ಆ ಗ್ರಂಥದಲ್ಲಿ ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ಈ ಹೆಸರು ಮಕ್ಕಳಿಗೆ ಗೊತ್ತು, ಸಮಾಜ ಪುಸ್ತಕದ ರಾಷ್ಟ್ರಕೂಟರ ಪಾಠದಲ್ಲಿ ಅವನಿದ್ದಾನೆ. ಕನ್ನಡ ಪೀರಿಯಡ್ಡಿನಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ ‘ಕವಿರಾಜಮಾರ್ಗ’ ಎಂದು ಕಲಿಯುವಾಗಲೂ ಅವನೇ. ಒಂದೇ ದೊರೆಯ ಕಾಲದಲ್ಲಿ ಒಬ್ಬರು ಕನ್ನಡದಲ್ಲಿ ಕಾವ್ಯ ಬರೆಯುವ ದಾರಿಯನ್ನು ಯೋಚಿಸುತ್ತಿದ್ದರು, ಇನ್ನೊಬ್ಬರು ಭಿನ್ನರಾಶಿಗಳನ್ನು. ನಾವು ಅದನ್ನು ಮೂರು ಗಂಟೆಗಳ ನಡುವೆ, ಮೂರು ಟೀಚರುಗಳ ಕೈಗೆ ಹಂಚಿಬಿಟ್ಟಿದ್ದೇವೆ.

ಇಷ್ಟೇ ಆಗಿದ್ದರೆ ಆ ದೊರೆಯ ರಾಜಧಾನಿ ಮಳಖೇಡ ಇಲ್ಲಿಂದ ಬಹಳ ದೂರ ಎನ್ನಬಹುದಿತ್ತು. ಆದರೆ ಗ್ರಂಥ ಉಳಿದದ್ದು ಓಲೆಗರಿಗಳಲ್ಲಿ. ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಅದನ್ನು ಸಂಪಾದಿಸಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದಾಗ ನೋಡಿಕೊಂಡ ಪ್ರತಿಗಳಲ್ಲಿ ಒಂದು, ಮೂಡುಬಿದಿರೆಯ ಜೈನ ಮಠದ ಓಲೆಗರಿಯಿಂದ ನಕಲು ಮಾಡಿದ್ದು. ಶಾಲೆಯ ಪ್ರವಾಸದಲ್ಲಿ ನಮ್ಮ ಮಕ್ಕಳು ಹೋಗಿ ಸಾವಿರ ಕಂಬದ ಬಸದಿಯ ಕಂಬ ಎಣಿಸುವ ಅದೇ ಮೂಡುಬಿದಿರೆ. ಹಳೆಯ ಓಲೆ ಶಿಥಿಲವಾಗುವ ಮುಂಚೆ ಹೊಸ ಓಲೆಗೆ ಇಳಿಸಿ, ಕಂಟದಿಂದ ಒಂದೊಂದೇ ಅಂಕಿ ಕೊರೆದ ಯಾರದೋ ಕೈಗಳು ಶತಮಾನಗಳ ಕಾಲ ಈ ಲೆಕ್ಕವನ್ನು ದಾಟಿಸಿವೆ. 1430ರಲ್ಲಿ ಕಟ್ಟಿದ ಬಸದಿಯನ್ನು ತೋರಿಸುವಾಗ ಈ ಒಂದು ಮಾತನ್ನೂ ಮಕ್ಕಳಿಗೆ ಹೇಳಿದರೆ ಲ.ಸಾ.ಅ. ಮೇಲಿನ ಸಿಟ್ಟು ಇಳಿಯುತ್ತದೆ ಎಂದು ನಾನು ನಂಬುತ್ತೇನೆ.

ಭಾಷೆಯ ವಿಷಯದಲ್ಲಂತೂ ಇಲ್ಲಿನ ಮಕ್ಕಳಿಗೆ ಕೂಡಿಸುವುದು ಹುಟ್ಟಿನಿಂದಲೇ ಅಭ್ಯಾಸ. ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಬ್ಯಾರಿ, ಆಚೆ ಕೊಂಕಣಿಯೋ ಮರಾಠಿಯೋ, ಶಾಲೆಗೆ ಬಂದರೆ ಕನ್ನಡ, ಇಂಗ್ಲಿಷ್, ಹಿಂದಿ. ಯಾರೂ ಇದನ್ನು ಸಾಧನೆ ಎಂದು ಎಣಿಸುವುದಿಲ್ಲ.

ಏಳನೆಯ ವಿಜ್ಞಾನದಲ್ಲಿ ರಾಸಾಯನಿಕ ಬದಲಾವಣೆಯ ಪಾಠವೊಂದಿದೆ. ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಒಂದು ಹಳೆಯ ಬ್ಲೇಡು ಹಾಕಿ ಅರ್ಧ ಗಂಟೆ ಬಿಡಬೇಕು. ನೀಲಿ ನೀರು ಹಸಿರಿಗೆ ತಿರುಗುತ್ತದೆ, ಬ್ಲೇಡಿನ ಮೇಲೆ ಕೆಂಪು ಕಂದು ಬಣ್ಣದ ತಾಮ್ರ ಕೂರುತ್ತದೆ. ಪ್ರಯೋಗ ಮುಗಿಯುವಷ್ಟರಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು ಹೇಳಿದಳು: “ಟೀಚರ್, ಅಪ್ಪ ಮದ್ದು ಮಾಡುವಾಗ ಕತ್ತಿಗೆ ಹಿಡಿಯುವುದು ಇದೇ ಕೆಂಪು ಅಲ್ವಾ?”

ಇದೇ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬಿಡುವ ಬೋರ್ಡೋ ಮದ್ದು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟಿಗೆ ಸುರಿದ ಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕೆಂಪು ಹಿಡಿದರೆ ಸುಣ್ಣ ಸಾಲದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ಬೇಲಿಬದಿಯ ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರು. ರೋಗ ಬಂದ ವರ್ಷ ಬಳಿದ ಬಳ್ಳಿಗಳು ಮಾತ್ರ ಚೆನ್ನಾಗಿದ್ದುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿದ. 1885ರಲ್ಲಿ ಅವನು ಅದನ್ನು ಪ್ರಕಟಿಸಿದ. ಇಪ್ಪತ್ತೈದು ವರ್ಷದ ಮೇಲೆ ಮೈಸೂರು ಸಂಸ್ಥಾನದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಮದ್ದನ್ನು ತೋಟಗಳಿಗೆ ತಂದರು. ಬ್ಲೇಡಿನ ಮೇಲಿನ ಆ ಕೆಂಪಿನಲ್ಲಿ ಇತಿಹಾಸ, ಭೂಗೋಳ, ನೂರಕ್ಕೆ ಒಂದರ ಅನುಪಾತ, ಮನೆಯ ವರ್ಷದ ಆದಾಯ ಎಲ್ಲ ಉಂಟು.

ಹುಡುಗಿಗೆ ಇನ್ನೊಂದು ಪ್ರಶ್ನೆಯೂ ಇತ್ತು. ಸುಣ್ಣ ಸಾಕಾದ ಮೇಲೆ ಕತ್ತಿಗೆ ತಾಮ್ರ ಹಿಡಿಯುವುದಿಲ್ಲ, ಹಾಗಾದರೆ ಆ ತಾಮ್ರ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ, ಸುಣ್ಣದೊಂದಿಗೆ ಸೇರಿ ನೀರಿನಿಂದ ಬೇರೆಯಾಗಿದೆ, ಮದ್ದು ಎಲೆಗೊನೆಗೆ ಅಂಟಿ ನಿಲ್ಲುವುದು ಅದರಿಂದಲೇ ಎಂದರು ಟೀಚರ್. ಕಬ್ಬಿಣ ಯಾಕೆ ತಾಮ್ರವನ್ನು ನೀರಿನಿಂದ ಎಳೆದುಕೊಳ್ಳುತ್ತದೆ ಎಂಬುದಕ್ಕೆ ಮಾತ್ರ ಹತ್ತನೆಯ ತನಕ ಕಾಯಬೇಕು, ಪಾಠ ಇರುವುದು ಅಲ್ಲಿ. ಅಷ್ಟರೊಳಗೆ ಮೂರು ಮಳೆಗಾಲ, ಕಡಿಮೆಯೆಂದರೂ ಆರು ಸಲ ಮದ್ದು. ಕತ್ತಿ ಅದ್ದಿ ಸುಣ್ಣ ಸಾಕೋ ಎಂದು ನೋಡುವ ಕೆಲಸವನ್ನು ಅಪ್ಪ ಈಗ ಅವಳಿಗೇ ಬಿಟ್ಟಿದ್ದಾರೆ.